ಕೆಂಪು ಅಂಗಿ, ಕರಿ ಎರಿ: ಅಳ್ನಾವರದಿಂದ ಬ್ಯಾಡಗಿವರೆಗೆ ನಾಲ್ಕು ದಿನ

ನಮ್ಮ ಕಾಕಾನ ಮಗಳು ಆರು ವರ್ಷದಿಂದ ಹವಾಯಿಯ ಕವಾಯಿ ಅನ್ನೋ ದ್ವೀಪದಲ್ಲಿದ್ದಾಳೆ. ಕೆಲಸ ಮಣ್ಣಿನದು. ರೈತರ ಹೊಲಕ್ಕೆ ಹೋಗಿ ಮಣ್ಣು ಅಗೆಯುವುದು, ಪರೀಕ್ಷೆ ಮಾಡುವುದು, ಏನು ಹಾಕಬೇಕು ಅಂತ ಹೇಳುವುದು. "ಮಣ್ಣ ಹೊರಾಕ ಅಷ್ಟು ದೂರ ಹೋಗಬೇಕಾಗಿತ್ತೇನು" ಅಂತ ನಮ್ಮವ್ವ ಇವತ್ತಿಗೂ ಅನ್ನುತ್ತಾಳೆ. ಈ ಫೆಬ್ರವರಿಯಲ್ಲಿ ಮೂರು ವಾರ ರಜೆ ಹಾಕಿ ಧಾರವಾಡಕ್ಕೆ ಬಂದಳು. ಬಂದ ಎರಡನೇ ದಿನಕ್ಕೇ ಶುರು. "ಅಣ್ಣಾ, ನಾಲ್ಕು ದಿವಸ ಕಾರ್ ತಗೊಂಡು ಹೋಗೋಣು. ಗುಡಿ ಗುಂಡಾರ ಆಮ್ಯಾಲೆ. ಮೊದಲ ಮಣ್ಣ ನೋಡೋಣು."

ನಾನು ಬ್ಯಾಂಕಿನಿಂದ ನಿವೃತ್ತನಾಗಿ ಒಂದು ವರ್ಷವಾಯಿತು. ಮಣ್ಣು ನೋಡುವುದಕ್ಕೂ ಪುರುಸೊತ್ತು ಇದೆ.

ನನಗೆ ಅಂತ ಅವಳು ಎರಡು ವಸ್ತು ತಂದಿದ್ದಳು. ಒಂದು, ಇಟ್ಟಿಗೆ ಬಣ್ಣದ ಟೀ ಶರ್ಟ್. ಅಲ್ಲಿನ ಕೆಂಪು ಮಣ್ಣಿನಲ್ಲೇ ಬಣ್ಣ ಹಾಕಿದ್ದಂತೆ. 1992ರ ಸೆಪ್ಟೆಂಬರ್‌ನಲ್ಲಿ ಇನಿಕಿ ಚಂಡಮಾರುತ ಕವಾಯಿಗೆ ಬಡಿದಾಗ ಅಂಗಡಿಯೊಂದರ ಬಿಳಿ ಅಂಗಿಗಳೆಲ್ಲ ಕೆಸರಿನಲ್ಲಿ ನೆನೆದವು, ಎಷ್ಟು ಒಗೆದರೂ ಬಣ್ಣ ಹೋಗಲಿಲ್ಲ, ಕೊನೆಗೆ ಹಾಗೇ ಮಾರಿದರು, ಅದೇ ಒಂದು ಉದ್ಯೋಗ ಆಯಿತು ಅಂತ ಅಲ್ಲಿನ ಜನ ಹೇಳುತ್ತಾರಂತೆ. ಇನ್ನೊಂದು, ಸಣ್ಣ ಡಬ್ಬಿಯಲ್ಲಿ ಕೆಂಪು ಉಪ್ಪು. ಅದರ ವಿಷಯ ಆಮೇಲೆ. ಮಣ್ಣನ್ನೇ ಯಾಕೆ ತರಲಿಲ್ಲ ಅಂದರೆ, ಅನುಮತಿ ಇಲ್ಲದೆ ಒಂದು ಹಿಡಿ ಮಣ್ಣನ್ನೂ ದೇಶದಿಂದ ದೇಶಕ್ಕೆ ಒಯ್ಯುವಂತಿಲ್ಲ.

ಮೊದಲನೇ ದಿನ: ಪಡುವಣ ದಿಕ್ಕಿಗೆ

ಬೆಳಿಗ್ಗೆ ಏಳಕ್ಕೆ ಹೊರಟೆವು. ಕೆಲಗೇರಿ ದಾಟಿದ ಕೂಡಲೇ ಮಾವಿನ ತೋಟಗಳು. ಆಪೂಸ್ ಗಿಡಗಳೆಲ್ಲ ಹೂವು ಬಿಟ್ಟಿದ್ದವು. ಕಿಟಕಿ ಇಳಿಸಿದರೆ ಆ ಒಗರು ಸಿಹಿ ವಾಸನೆ ಒಳಗೇ ಬಂದು ಕೂತಿತು. ಇಲ್ಲಿನ ಮಣ್ಣು ಕೆಂಪು. ನಮ್ಮ ಕಡೆ ಮಸಾರಿ ಅನ್ನುವುದು ಇದಕ್ಕೇ. ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುತ್ತದೆ, ಮಾವಿಗೆ ಅದೇ ಬೇಕು.

ಮುಗದದ ಹತ್ತಿರ ಗದ್ದೆಗಳು ಖಾಲಿ ಬಿದ್ದಿದ್ದವು. ಭತ್ತದ ಕೂಳೆ ಮಾತ್ರ ಉಳಿದಿತ್ತು. ಈ ಪಟ್ಟಿಯಲ್ಲಿ ನಾಟಿ ಮಾಡುವುದು ಕಡಿಮೆ. ಮಳೆ ಬೀಳುವ ಮೊದಲೇ ಕೂರಿಗೆ ಹಿಡಿದು ಭತ್ತ ಬಿತ್ತುತ್ತಾರೆ. ಭತ್ತಕ್ಕೆ ಕೂರಿಗೆ ಅಂದರೆ ಗಂಗಾವತಿ ಕಡೆಯವರು ನಗುತ್ತಾರೆ. ನಗಲಿ ಬಿಡಿ.

ಅಳ್ನಾವರ ಇನ್ನೂ ಸ್ವಲ್ಪ ದೂರ ಇರುವಾಗ ತಂಗಿ "ನಿಲ್ಲಸು, ನಿಲ್ಲಸು" ಅಂತ ಕೂಗಿದಳು. ಏನೋ ಅಪಘಾತ ಅಂದುಕೊಂಡೆ. ರಸ್ತೆ ಅಗಲ ಮಾಡಲು ದಿಬ್ಬ ಕಡಿದಿದ್ದರು, ಅಷ್ಟೇ. ಒಂದೂವರೆ ಆಳೆತ್ತರದ ಕೆಂಪು ಗೋಡೆ. ಬ್ಯಾಗಿನಿಂದ ಅಡುಗೆಮನೆ ಚಾಕು ತೆಗೆದಳು, ನಮ್ಮವ್ವನದೇ, ಕೇಳದೆ ತಂದದ್ದು. ಮೇಲಿನಿಂದ ಕೆಳಗೆ ಗೋಡೆಯನ್ನು ಕೆರೆಯುತ್ತಾ ಹೋದಳು. ಮೇಲೆ ಒಂದು ಗೇಣು ಕಂದು ಬಣ್ಣ, ಬೇರು ತುಂಬಿದ್ದು. ಅದರ ಕೆಳಗೆ ಅಚ್ಚ ಕೆಂಪು, ಅಂಟುವ ಮಣ್ಣು. ಅಲ್ಲಲ್ಲಿ ಮೆಣಸಿನ ಕಾಳಿನಷ್ಟು ದುಂಡನೆಯ ಗಟ್ಟಿ ಹರಳು. ಅಂಗೈಯಲ್ಲಿ ಹಾಕಿ ತಿಕ್ಕಿದರೆ ಸೈಕಲ್ ಬೇರಿಂಗಿನ ಗುಂಡಿನ ಹಾಗೆ ಉರುಳುತ್ತಿದ್ದವು. ಕಬ್ಬಿಣ ಒಂದೆಡೆ ಸೇರಿ ಗಟ್ಟಿಯಾದದ್ದು. ಇನ್ನೂ ಪಶ್ಚಿಮಕ್ಕೆ ಹೋದರೆ ಇದೇ ಸರಣಿ ಜಂಬಿಟ್ಟಿಗೆ ಕಲ್ಲಿಗೆ ಮುಟ್ಟುತ್ತದೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಕಲ್ಲು. ಇಂಗ್ಲಿಷಿನಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ 1807ರಲ್ಲಿ ಪುಸ್ತಕ ಮಾಡಿದ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದ್ದೇ ಇದೆಯಲ್ಲ! ಅವನು ಹೊಸದೇನು ಹೇಳಿದ ಅಂತ ನನಗೆ ಅನಿಸಿತು.

ಸಣ್ಣ ಬಾಟಲಿಯಲ್ಲಿ ಮಣ್ಣು ಹಾಕಿ, ಎರಡೂವರೆ ಪಟ್ಟು ಬ್ಯಾಟರಿಗೆ ಹಾಕುವ ಭಟ್ಟಿ ನೀರು ಹಾಕಿ ಕುಲುಕಿಸಿ, ಹುಳಿ ಅಳೆಯುವ ಕಾಗದದ ಪಟ್ಟಿ ಅದ್ದಿದಳು. ಬಣ್ಣ ಐದೂವರೆ ಮತ್ತು ಆರರ ನಡುವೆ ನಿಂತಿತು. ಏಳು ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು.

"ಇದು ಹುಳಿ ಅಂದ್ರ ಮಜ್ಜಗಿ ಹುಳಿ ಅಣ್ಣಾ. ನಮ್ಮ ಗುಡ್ಡದ ಮ್ಯಾಲೆ ನಾಲ್ಕೂವರಿ ಬರ್ತದ. ಅದು ಹುಣಸಿಹಣ್ಣು."

ಅಲ್ಲೇ ದಿಬ್ಬದ ನೆರಳಲ್ಲಿ ಕೂತು ರೊಟ್ಟಿ, ಎಣಗಾಯಿ ಬಿಚ್ಚಿದೆವು. ತಿನ್ನುತ್ತಾ ಅವಳು ಆ ಗುಡ್ಡದ ಕಥೆ ಹೇಳಿದಳು.

ಕವಾಯಿ ಪೂರ್ತಿ ಜ್ವಾಲಾಮುಖಿಯಿಂದ ಆದ ದ್ವೀಪ. ಸುಮಾರು 50 ಲಕ್ಷ ವರ್ಷದ ಹಿಂದೆ ಸಮುದ್ರದ ಮೇಲೆ ಎದ್ದದ್ದು. ಹವಾಯಿಯ ದೊಡ್ಡ ದ್ವೀಪಗಳಲ್ಲಿ ಎಲ್ಲಕ್ಕಿಂತ ಹಿರಿಯದು. ಹುಟ್ಟಿದಾಗ ಕರಿ ಬಸಾಲ್ಟ್ ಕಲ್ಲು. ಅದರಲ್ಲಿ ಸುಣ್ಣ, ಮೆಗ್ನೀಷಿಯಂ, ಸಿಲಿಕಾ, ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ಇತ್ತು. ಆಮೇಲೆ ಮಳೆ ಶುರುವಾಯಿತು. ನಡುವಿನ ವಾಯ್ಅಲೆಅಲೆ ಶಿಖರದ ಮೇಲೆ ವರ್ಷಕ್ಕೆ ಸುಮಾರು 11,000 ಮಿ.ಮೀ. ಬೀಳುತ್ತದೆ. ಧಾರವಾಡದ್ದು 800 ಮುಟ್ಟಿದರೆ ನಾವು ಈ ಸಲ ಛಲೋ ಆತು ಅನ್ನುತ್ತೇವೆ. ಮಳೆನೀರಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಬೇರುಗಳು ಉಸಿರಾಡಿ ಇನ್ನಷ್ಟು ಸೇರಿಸುತ್ತವೆ. ಒಟ್ಟಿನಲ್ಲಿ ತೆಳು ಸೋಡಾ ಇದ್ದಂಗೆ. ಆ ತೆಳು ಹುಳಿ ಲಕ್ಷಗಟ್ಟಲೆ ವರ್ಷ ಇಳಿದು ಇಳಿದು ಮೊದಲು ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆಯಿತು. ಆಮೇಲೆ ಸಿಲಿಕಾವನ್ನೂ ಒಯ್ದಿತು. ಕರಗಲು ಒಲ್ಲೆ ಅಂತ ಕೂತದ್ದು ಕಬ್ಬಿಣ, ಅಲ್ಯೂಮಿನಿಯಂ ಎರಡೇ. ಅದಕ್ಕೇ ಕೆಂಪು. ಅಲ್ಯೂಮಿನಿಯಂ ಅದಿರು ಬಾಕ್ಸೈಟ್ ಸಿಗಬಹುದು ಅಂತ ಹಿಂದೆ ಸರ್ವೆ ಕೂಡ ಮಾಡಿದ್ದರು, ಅಗೆಯಲಿಲ್ಲ.

"ಹಂಗಾರ ಗುಡ್ಡ ಪೂರಾ ಹಸರು ಇರ್ತದಲ್ಲ, ಫೋಟೋದಾಗ?" ಅಂದೆ.

ಅದೇ ಮೋಸ ಅಂದಳು. ಹಸಿರು ನೋಡಿ ಮಣ್ಣು ಶ್ರೀಮಂತ ಅಂದುಕೊಳ್ಳುತ್ತೇವೆ. ಕಾಡು ಬಿದ್ದ ಎಲೆಯನ್ನೇ ಮತ್ತೆ ಮತ್ತೆ ತಿಂದು ಬದುಕಿರುತ್ತದೆ. ಕಾಡು ಕಡಿದು ಬೆಳೆ ಹಾಕಿದರೆ ಬಣ್ಣ ಬಯಲು. ಪಟ್ಟಿಯ ಅಂಕಿ ಐದೂವರೆಗಿಂತ ಕೆಳಗೆ ಇಳಿದಾಗ ಅಲ್ಯೂಮಿನಿಯಂ ಕರಗಲು ಶುರುವಾಗಿ ಬೇರಿನ ತುದಿ ಮೊಂಡಾಗುತ್ತದೆ. ರಂಜಕದ (ಫಾಸ್ಫರಸ್) ಗೊಬ್ಬರ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸೇರಿ ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣಿನಲ್ಲಿ ರಂಜಕ ಇದೆ, ಗಿಡಕ್ಕೆ ಇಲ್ಲ. ಡಿಪಾಜಿಟ್ ಇಸಿದುಕೊಂಡು ವಾಪಸ್ ಕೊಡದ ಸೊಸೈಟಿ ಥರ. ಈ ಹೋಲಿಕೆ ನನ್ನದು. ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನಿಗೆ ಬೇಗ ಅರ್ಥವಾಯಿತು.

ಅಷ್ಟರಲ್ಲಿ ಸೈಕಲ್ ಮೇಲೆ ಹೊರಟಿದ್ದ ಒಬ್ಬ ಹಿರಿಯರು ನಿಂತರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕುಡುಗೋಲು. "ಏನ್ ನೋಡಾಕತ್ತೀರಿ? ಬಂಗಾರ ಐತೇನು?"

ತಂಗಿ ನಕ್ಕು, ಮಣ್ಣಿಗೆ ಸುಣ್ಣ ಹಾಕುತ್ತೀರೇನು ಅಂತ ಕೇಳಿದಳು.

"ಹಾಕ್ರಿ ಅಂತಾರವಾ. ಮನಿಗೆ ಸುಣ್ಣ ಹಚ್ಚಾಕ ರೊಕ್ಕ ಇಲ್ಲ, ಇನ್ನ ಹೊಲಕ್ಕ ಎಲ್ಲಿದು? ತಿಪ್ಪಿ ಗೊಬ್ಬರ ಹಾಕ್ತೀವಿ. ಈ ಮಣ್ಣ ತಿಪ್ಪಿ ಇದ್ರ ಮಾತ ಕೇಳ್ತೈತಿ."

ಅವರು ಹೋದ ಮೇಲೆ ತಂಗಿ, ಕವಾಯಿಯಲ್ಲೂ ತಾನು ಹೇಳುವುದು ಇಷ್ಟೇ ಅಂದಳು. ಸಾವಯವ ಅಂಶ ಇದ್ದರೆ ಅದು ಅಲ್ಯೂಮಿನಿಯಂನ ಕೈ ಕಟ್ಟುತ್ತದೆ, ರಂಜಕವನ್ನೂ ಸ್ವಲ್ಪ ಬಿಡಿಸಿ ಕೊಡುತ್ತದೆ. ಅದಕ್ಕೆ ಅಲ್ಲಿ ನಲವತ್ತು ಪುಟದ ವರದಿ ಬರೆಯಬೇಕಂತೆ.

ಎರಡನೇ ದಿನ: ಎರಿಯಲ್ಲಿ ಸಿಕ್ಕಿಬಿದ್ದದ್ದು

ಆ ಕೆಂಪು ಟೀ ಶರ್ಟನ್ನು ಈ ದಿನ ಹಾಕಿಕೊಂಡೆ. ಹಾಕಬಾರದಿತ್ತು.

ನವಲೂರಿನಲ್ಲಿ ಪೇರಲ ಕೊಂಡೆವು. ಬುಟ್ಟಿ ಇಟ್ಟುಕೊಂಡಿದ್ದ ಅಕ್ಕ ಹಣ್ಣನ್ನು ನಾಲ್ಕು ಹೋಳು ಮಾಡಿ ಉಪ್ಪು-ಖಾರ ಹಚ್ಚಲು ಹೋದಳು. ತಂಗಿ ಅವಳನ್ನು ತಡೆದು ತನ್ನ ಡಬ್ಬಿ ತೆಗೆದಳು. ಕವಾಯಿಯ ಹನಪೆಪೆ ಅನ್ನೋ ಊರಿನ ಹತ್ತಿರ ಸಮುದ್ರದ ನೀರನ್ನು ಮಡಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ಅದಕ್ಕೆ ಅಲಾಎಅ ಅನ್ನೋ ಕೆಂಪು ಮಣ್ಣು ಬೆರೆಸುತ್ತಾರೆ. ಆ ಉಪ್ಪನ್ನು ಅಲ್ಲಿಯವರು ಮಾರುವುದಿಲ್ಲ, ಬೇಕಾದವರಿಗೆ ಕೊಡುತ್ತಾರೆ. ಪೇರಲದ ಮೇಲೆ ಹಾಕಿಕೊಂಡು ತಿಂದೆ. ಮೊದಲು ಉಪ್ಪು, ಆಮೇಲೆ ಹಲ್ಲಿಗೆ ಸ್ವಲ್ಪ ಕರಕರ, ಕೊನೆಗೆ ಮೊದಲ ಮಳೆ ಬಿದ್ದಾಗ ಬರುವ ವಾಸನೆ ಬಾಯಲ್ಲೇ. ಬುಟ್ಟಿಯ ಅಕ್ಕನೂ ರುಚಿ ನೋಡಿದಳು. "ಮಣ್ಣ ತಿಂದಂಗ ಆಗ್ತೈತ್ರಿ. ಬಸರಿದ್ದಾಗ ಇದು ಸಿಕ್ಕಿದ್ರ ಛಲೋ ಇತ್ತು" ಅಂತ ನಕ್ಕಳು. ಕವಾಯಿಯ ಒದ್ದೆ ಗುಡ್ಡಗಳಲ್ಲಿ ಪೇರಲದ ಜಾತಿಯ ಗಿಡ ಕಳೆಯಾಗಿ ಹಬ್ಬಿ ಸ್ಥಳೀಯ ಕಾಡನ್ನೇ ನುಂಗುತ್ತಿದೆ ಅಂತ ತಂಗಿ ಹೇಳಿದ್ದನ್ನು ನಾನು ಆ ಅಕ್ಕನಿಗೆ ಹೇಳಲಿಲ್ಲ.

ಹುಬ್ಬಳ್ಳಿ ದಾಟಿ ನವಲಗುಂದದ ರಸ್ತೆ ಹಿಡಿದ ಮೇಲೆ ನೆಲದ ಬಣ್ಣ ಬದಲಾಯಿತು. ಎಲ್ಲಿ ಬದಲಾಯಿತು ಅಂತ ಗೆರೆ ಹಾಕಿ ತೋರಿಸಲು ಆಗುವುದಿಲ್ಲ. ಒಂದು ಹೊಲ ಕಂದು, ಇನ್ನೊಂದು ಬೂದು, ಆಮೇಲೆ ನೋಡಿದರೆ ಕಣ್ಣು ಹೋದಷ್ಟು ದೂರ ಕರಿ. ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಕಡಲೆ ಕಿತ್ತು ಗುಡ್ಡೆ ಹಾಕಿದ್ದರು. ಗಿಡ ಅನ್ನೋದು ಜಾಲಿ, ಬೇವು ಬಿಟ್ಟರೆ ಇಲ್ಲ.

ಯಮನೂರ ಹತ್ತಿರ ಬೆಣ್ಣಿಹಳ್ಳ ದಾಟಿ, ನವಲಗುಂದದಲ್ಲಿ ಗಿರ್ಮಿಟ್ ತಿಂದು, ಅಣ್ಣಿಗೇರಿ ಕಡೆ ತಿರುಗಿದೆವು. ಗಿರ್ಮಿಟ್ ಅಂಗಡಿಯಲ್ಲಿ ತಂಗಿ ಆರು ನಿಂಬೆಹಣ್ಣು ಕೊಂಡಳು. ಯಾಕೆ ಅಂದರೆ "ಇರಲಿ" ಅಂದಳು.

ಜೋಳದ ಹೊಲದ ಬದುವಿಗೆ ಇಳಿದೆವು. ಸಾಲಿನ ನಡುವೆ ನೆಲ ಬಿರುಕು ಬಿಟ್ಟಿತ್ತು. ಒಂದು ಬಿರುಕಿನಲ್ಲಿ ನಾನು ಕೈ ಹಾಕಿದೆ. ಮೊಣಕೈವರೆಗೂ ಹೋಯಿತು. ಒಳಗೆ ತಂಪು, ತುಸು ಹಸಿ. ಚಿಕ್ಕಂದಿನಲ್ಲಿ ಇಂಥ ಬಿರುಕಿನಲ್ಲಿ ನಾಲ್ಕಾಣೆ ಬಿದ್ದು ಹೋಗಿ ಅತ್ತದ್ದು ನೆನಪಾಯಿತು. ಮಣ್ಣು ಒಣಗಿದಾಗ ಕುಗ್ಗುತ್ತದೆ, ನೆನೆದಾಗ ಉಬ್ಬುತ್ತದೆ. ಮೇಲಿನ ಪುಡಿ ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ಒಳಗೆ ಉಬ್ಬಿ ಮೇಲೆ ಒತ್ತುತ್ತದೆ. ವರ್ಷ ವರ್ಷ ತನ್ನನ್ನು ತಾನೇ ಮಗುಚಿ ಹಾಕಿಕೊಳ್ಳುವ ಮಣ್ಣು ಅಂತಲೇ ಇದಕ್ಕೆ ವರ್ಟಿಸಾಲ್ ಅನ್ನುತ್ತಾರೆ. ನಮ್ಮ ಜನ ಎರಿ ಅಂತಾರೆ. ಮುಂಗಾರಿಯಲ್ಲಿ ನೀರು ಕುಡಿದು ಕೂತು ಹಿಂಗಾರಿಯಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಜೋಳ ಸಾಕುತ್ತದೆ.

ತಂಗಿ ಬದುವಿನ ಮಣ್ಣಿನಿಂದ ಗೋಲಿಯಷ್ಟು ದೊಡ್ಡ ಬಿಳಿ ಹರಳುಗಳನ್ನು ಆರಿಸಿದಳು. ಸುಣ್ಣದ ಕಲ್ಲು. ಒಂದನ್ನು ಕಲ್ಲಿನ ಮೇಲಿಟ್ಟು ನಿಂಬೆಹಣ್ಣು ಹಿಂಡಿದಳು. ಸೊಂಯ್ ಅಂತ ಸಣ್ಣ ಸದ್ದು, ಬಿಳಿ ಗುಳ್ಳೆ. ಕಿವಿ ಹತ್ತಿರ ತಂದರೆ ಸೋಡಾ ಬಾಟಲಿ ಬಿಚ್ಚಿದ ಹಾಗೆ ಕೇಳುತ್ತಿತ್ತು. ನಿನ್ನೆಯ ಕೆಂಪು ಮಣ್ಣು ಚೀಲದಲ್ಲಿತ್ತು. ಅದರ ಮೇಲೂ ಹಿಂಡಿದಳು. ಏನೂ ಇಲ್ಲ, ಸುಮ್ನೆ ಒದ್ದೆಯಾಯಿತು. ಕಾಗದದ ಪಟ್ಟಿ ಇಲ್ಲಿ ಎಂಟು ದಾಟಿತು.

"ಅಲ್ಲಿ ಮಳಿ ಸುಣ್ಣಾನ ತೊಳಕೊಂಡು ಹೋಗ್ಯಾದ. ಇಲ್ಲಿ ಮಳಿಗೆ ಅಷ್ಟು ತಾಕತ್ತ ಇಲ್ಲ. ಕರಗಿಸ್ತದ, ಹೊರಗ ಒಯ್ಯಾಕ ಆಗೂದಿಲ್ಲ. ಅಲ್ಲೇ ಕೆಳಗ ಗಂಟು ಕಟ್ಟಿ ಇಟ್ಟು ಹೋಗ್ತದ."

ಅಳ್ನಾವರದಿಂದ ಗದಗಕ್ಕೆ ನೂರ ಹತ್ತು ಕಿಲೋಮೀಟರ್ ಇರಬಹುದು. ಅಷ್ಟರಲ್ಲಿ ಮಳೆ ಸಾವಿರದ ಆಸುಪಾಸಿನಿಂದ ಆರುನೂರು ಚಿಲ್ಲರೆಗೆ ಇಳಿಯುತ್ತದೆ, ಮಣ್ಣು ಹುಳಿಯಿಂದ ಕ್ಷಾರಕ್ಕೆ ಬರುತ್ತದೆ. ಕವಾಯಿಯಲ್ಲಿ ಇದೇ ಕಥೆ 25 ಕಿಲೋಮೀಟರಿನಲ್ಲಿ ಮುಗಿಯುತ್ತದೆ. ಶಿಖರದ ಮೇಲೆ 11,000 ಮಿ.ಮೀ., ಪಶ್ಚಿಮ ಕರಾವಳಿಯ ಕೆಕಾಹಾದಲ್ಲಿ 500ರ ಸುತ್ತಮುತ್ತ. ಗಾಳಿ ಈಶಾನ್ಯದಿಂದ ಬರುತ್ತದೆ, ಗುಡ್ಡ ಅದರ ನೀರನ್ನೆಲ್ಲ ಹಿಂಡಿಕೊಂಡು ಆಚೆ ಬರೀ ಗಾಳಿ ಕಳಿಸುತ್ತದೆ. ನಮ್ಮ ಸಹ್ಯಾದ್ರಿ ಮಾಡುವುದೂ ಅದೇ ಕೆಲಸ. ಜಗತ್ತಿನ ಮಣ್ಣನ್ನು ಅಮೆರಿಕದವರು 12 ಕುಲ ಮಾಡಿದ್ದಾರೆ. ಅದರಲ್ಲಿ ಹತ್ತು ಆ ಪುಟ್ಟ ದ್ವೀಪಗಳಲ್ಲೇ ಇವೆಯಂತೆ.

ಇಲ್ಲಿಗೆ ಎಲ್ಲ ಚೆನ್ನಾಗಿತ್ತು. ಒಳದಾರಿಯಲ್ಲಿ ಹೋದರೆ ಹಳೆ ಹೊಲಗಳು ಸಿಗುತ್ತವೆ ಅಂತ ನಾನೇ ಶಾಣ್ಯಾತನ ಮಾಡಿ ಕಾರು ತಿರುಗಿಸಿದೆ. ಕಾಲುವೆಯ ನೀರು ದಾರಿಗೆ ಹರಿದಿತ್ತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೆ ಎರಿ ಸುತ್ತಿಕೊಂಡು ದೋಣಿಯ ಹಾಗೆ ಕೂತುಬಿಟ್ಟಿತು. ಇಳಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಅದನ್ನು ಕೀಳಲು ಬಗ್ಗಿದೆ, ಕೈ ಊರಿದೆ, ಜಾರಿದೆ. ಕವಾಯಿಯ ಕೆಂಪು ಅಂಗಿಯ ಮೇಲೆ ಅಣ್ಣಿಗೇರಿಯ ಕರಿ ಎರಿ ಎದೆಯಿಂದ ಹೊಟ್ಟೆಯವರೆಗೆ.

ತಂಗಿ ಮೊದಲು ಫೋಟೋ ತೆಗೆದಳು, ಆಮೇಲೆ ಕೈ ಕೊಟ್ಟಳು.

ಟ್ರ್ಯಾಕ್ಟರ್ ಬರುವವರೆಗೆ ಒಂದು ತಾಸು. ಅವಳು ಬದುವಿನ ಮೇಲೆ ಕೂತು ಮಣ್ಣು ನಾದತೊಡಗಿದಳು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆದಳು. ಮೂರು ಇಂಚು ಬಂದರೂ ಹರಿಯಲಿಲ್ಲ. ಆಮೇಲೆ ಅದರಲ್ಲೇ ಒಂದು ಎತ್ತು ಮಾಡಿದಳು. ಡುಬ್ಬ, ಕೋಡು, ಬಾಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಒಳ್ಳೆ ಎತ್ತು ಮಾಡುತ್ತಿದ್ದವಳು ಇವಳೇ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಳು.

ಟ್ರ್ಯಾಕ್ಟರ್ ತಂದ ಹುಡುಗ ಹಗ್ಗ ಕಟ್ಟುತ್ತಾ, "ಸಾಹೇಬ್ರ, ಎರಿಗೆ ನೀರ ಬಿದ್ದಿದ್ದು ಕಂಡ್ರ ಕಾಗಿ ಸೈತ ಕುಂದ್ರಂಗಿಲ್ಲ" ಅಂದ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ತನ್ನ ಹೊಲ ತೋರಿಸಿದ. ಒಂದು ಮೂಲೆಯಲ್ಲಿ ಬೆಳೆ ಇಲ್ಲ, ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪದರ. ಸವಳು-ಜವಳು. ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರು ಕೆಳಗೆ ಇಂಗಲು ಜಾಗ ಇಲ್ಲದೆ ಮೇಲೆ ಏರಿತು, ಜೊತೆಗೆ ಉಪ್ಪನ್ನೂ ಹೊತ್ತು ತಂದಿತು. 1980ರ ಜುಲೈ 21ರ ನರಗುಂದ-ನವಲಗುಂದದ ರೈತ ಬಂಡಾಯ ಎಲ್ಲರಿಗೂ ಗೊತ್ತು. ಕಾಲುವೆ ಬಂತು, ಅಭಿವೃದ್ಧಿ ಕರ ಕೊಡಿ ಅಂತ ಸರ್ಕಾರ ಅಂದಾಗ ಯಾಕೆ ಅಷ್ಟು ಸಿಟ್ಟು ಬಂತು ಅಂತ ತಿಳಿಯಲು ಇಂಥ ಒಂದು ಮೂಲೆ ನೋಡಬೇಕು. ಹುಳಿ ಮಣ್ಣಿಗೆ ನೀರು ಜಾಸ್ತಿ ಹರಿದು ತೊಂದರೆ, ಇಲ್ಲಿ ನೀರು ಹರಿದು ಹೋಗದೆ ತೊಂದರೆ.

ರಾತ್ರಿ ಗದಗಿನ ಲಾಡ್ಜಿನಲ್ಲಿ ನನ್ನ ಅವತಾರ ನೋಡಿ ಮೇಲಿನ ಕೋಣೆ ಕೊಡಲಿಲ್ಲ. ಕೆಳಗಿನದು ಕೊಟ್ಟರು, ನಲ್ಲಿ ಹತ್ತಿರ ಇದೆ ಅಂತ.

ಮೂರನೇ ದಿನ: ಕಪ್ಪತಗುಡ್ಡ

ಬೆಳಿಗ್ಗೆ ನೋಡಿದರೆ ಎತ್ತಿನ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಲಕ್ಕುಂಡಿಗೆ ಹೋಗಿ ಬಂದೆವು. ಗುಡಿ ಬೇಡ ಅಂದವಳೇ ಕಾಶಿವಿಶ್ವೇಶ್ವರನ ಬಾಗಿಲ ಹತ್ತಿರ ಅರ್ಧ ತಾಸು ನಿಂತಳು. ನಾನು ಶಿಲ್ಪ ನೋಡುತ್ತಿದ್ದೆ, ಅವಳು ಕಲ್ಲು ನೋಡುತ್ತಿದ್ದಳು. ಹಸಿರು ಛಾಯೆಯ ಮೆತ್ತನೆ ಕಲ್ಲು, ಅದಕ್ಕೇ ಅಷ್ಟು ನವಿರು ಕೆತ್ತನೆ. ಈ ಹಸಿರು ಕ್ಲೋರೈಟ್ ಅನ್ನೋ ಖನಿಜದ್ದು. ಇಂಥ ಕಲ್ಲು ಸಾಮಾನ್ಯವಾಗಿ ಹಳೆಯ ಲಾವಾ ನೆಲದೊಳಗೆ ಬೆಂದು, ಒತ್ತಿಸಿಕೊಂಡು ಆಗುವುದು.

ಅಲ್ಲಿಂದ ಡಂಬಳ. ಕೆರೆ ದಂಡೆಯಲ್ಲಿ ಚಹಾ ಕುಡಿದು ಡೋಣಿ ಮೇಲೆ ಗುಡ್ಡಕ್ಕೆ ಹತ್ತಿದೆವು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಆಗಿದೆ. ಒಂದು ಕಲ್ಲೂ ಎತ್ತುವಂತಿಲ್ಲ. ತಂಗಿ ಚಾಕುವನ್ನು ಕಾರಿನಲ್ಲೇ ಬಿಟ್ಟಳು. ನೋಡಲು ಕಣ್ಣು ಸಾಕು ಅಂದಳು.

ಮೇಲೆ ಗಾಳಿ ಅಂದರೆ ಗಾಳಿ. ಸುತ್ತ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಣ ಹುಲ್ಲು ಒಂದೇ ಕಡೆ ಮಲಗಿತ್ತು. ದಾರಿಯ ಧೂಳು ಕೆಂಪು, ನಡುನಡುವೆ ಹಸಿರು ಕಲ್ಲಿನ ಮೊನೆಗಳು ಚೂರಿಯ ಹಾಗೆ ಎದ್ದಿದ್ದವು. ಈ ಕಲ್ಲೂ ಒಂದು ಕಾಲಕ್ಕೆ ಲಾವಾ. ಸಮುದ್ರದ ತಳದಲ್ಲಿ ಉಕ್ಕಿದ್ದು. 260 ಕೋಟಿ ವರ್ಷದ ಹಿಂದಿನ ಮಾತು. ಧಾರವಾಡ ಶಿಲೆಗಳು ಅಂತ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ನಮ್ಮೂರ ಹೆಸರು ಇರುವುದು ಇವುಗಳಿಂದ. ಧಾರವಾಡದಲ್ಲಿ ಪೇಡಾ ಬಿಟ್ಟರೆ ಏನಿದೆ ಅನ್ನುವವರಿಗೆ ಇನ್ನು ಮೇಲೆ ಇದನ್ನೇ ಹೇಳುತ್ತೇನೆ.

ನನಗೆ ಒಂದು ಲೆಕ್ಕ ಹತ್ತಲಿಲ್ಲ. ಕವಾಯಿಯ ಲಾವಾಗೆ 50 ಲಕ್ಷ ವರ್ಷ, ಅದು ಪೂರ್ತಿ ಕೊಳೆತು ಆಳಕ್ಕೆ ಕೆಂಪು ಮಣ್ಣಾಗಿದೆ. ಇದಕ್ಕೆ 260 ಕೋಟಿ, ಇನ್ನೂ ಕಲ್ಲು ಚುಚ್ಚುತ್ತಿದೆಯಲ್ಲ?

"ಕಲ್ಲಿನ ವಯಸ್ಸು ಬ್ಯಾರೆ, ಮಣ್ಣಿನ ವಯಸ್ಸು ಬ್ಯಾರೆ ಅಣ್ಣಾ" ಅಂದಳು. ಈ ಕಲ್ಲು ಕೋಟಿಗಟ್ಟಲೆ ವರ್ಷ ನೆಲದ ಒಳಗೇ ಇತ್ತು. ಮೇಲೆ ಬಂದ ಮೇಲೂ ಇಳಿಜಾರಿನಲ್ಲಿ ಆದಷ್ಟು ಮಣ್ಣು ಜಾರಿಹೋಗುತ್ತಲೇ ಇದೆ. ಕೊಳೆಯಲು ನೀರು ಬೇಕು, ಬಿಸಿ ಬೇಕು, ಕೂತಲ್ಲಿ ಕೂರಲು ಜಾಗವೂ ಬೇಕು.

ಆಮೇಲೆ ತಿರುಗಿ ಕೆಳಗೆ ತೋರಿಸಿದಳು. ಗುಡ್ಡದ ಮೈ ಕೆಂಪು. ಬುಡದಲ್ಲಿ ಒಂದು ಪಟ್ಟಿ ಕಂದು. ಅದರಾಚೆ ಮುಂಡರಗಿ ದಿಕ್ಕಿಗೆ ಕರಿ ಹೊಲಗಳು ಕೌದಿ ಹಾಸಿದ ಹಾಗೆ. ಮೇಲಿನ ಕಲ್ಲಿನಿಂದಲೇ ಕೆಳಗಿನ ಮಣ್ಣೂ ಆಗಿದ್ದು. ಗುಡ್ಡದಿಂದ ಕರಗಿದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಇಳಿದು ಬಂದು ತಗ್ಗಿನಲ್ಲಿ ಸೇರಿ ಎರಿ ಕಟ್ಟಿದೆ. ಎರಿ ಅಂದರೆ ಬರೀ ದಖ್ಖನ್ನಿನ ಬಸಾಲ್ಟಿನ ಮಗ ಅಂತ ನಾನು ಶಾಲೆಯಲ್ಲಿ ಓದಿದ್ದೆ. ಆ ಬಸಾಲ್ಟು ಬೆಳಗಾವಿ ಕಡೆಯೇ ಮುಗಿದುಹೋಗುತ್ತದೆ. ಇಲ್ಲಿನ ಎರಿಗೆ ತಾಯಿ ಈ ಹಸಿರು ಕಲ್ಲು.

"ನಿಮ್ಮ ಹವಾಯಿದಾಗ ಎರಿ ಐತೇನು?" ಅಂದೆ, ಇಲ್ಲ ಅನ್ನುತ್ತಾಳೆ ಅಂತ.

ಇದೆಯಂತೆ! ಓಅಹು ದ್ವೀಪದ ಒಣ ಬದಿಯಲ್ಲಿ ಲುಅಲುಅಲೆಯ್ ಅಂತ ಒಂದು ಕಣಿವೆ. ಗುಡ್ಡದಿಂದ ಕೊಚ್ಚಿ ಬಂದ ಬಸಾಲ್ಟಿನ ಮಣ್ಣು ತಗ್ಗಿನಲ್ಲಿ ಕೂತು ಥೇಟ್ ನಮ್ಮ ಎರಿ. ಹಾಗೇ ಉಬ್ಬುತ್ತದೆ, ಹಾಗೇ ಬಿರಿಯುತ್ತದೆ, ಮನೆಗಳ ಗೋಡೆ ಸೀಳುತ್ತದೆ. ಮೊದಲ ಸಲ ಅಲ್ಲಿ ಹೋದಾಗ ಕಾರಿನಿಂದ ಇಳಿದು ಒಂದು ಹೆಂಟೆ ಎತ್ತಿ ಮೂಸಿ ನೋಡಿದಳಂತೆ. ಜೊತೆಗಿದ್ದವರು ಏನು ವಾಸನೆ ಅಂತ ಕೇಳಿದರು. ಅಣ್ಣಿಗೇರಿ ಅಂದಳಂತೆ. ಅವರಿಗೆ ಏನು ತಿಳಿಯಬೇಕು.

ಅದೇ ಓಅಹುವಿನ ನಡುಭಾಗದಲ್ಲಿ ವಹಿಯಾವಾ ಅನ್ನುವ ಕಡೆ ಅನಾನಸ್ ಬೆಳೆಯುತ್ತಿದ್ದರು. ಅಲ್ಲಿನ ಕೆಂಪು ಮಣ್ಣಿನಲ್ಲಿ ಮ್ಯಾಂಗನೀಸ್ ಜಾಸ್ತಿ. ಮಣ್ಣು ಪೂರಾ ಕಬ್ಬಿಣ, ಗಿಡ ಮಾತ್ರ ಕಬ್ಬಿಣ ಇಲ್ಲದೆ ಹಳದಿ! ಮ್ಯಾಂಗನೀಸ್ ಅಡ್ಡ ಬರುತ್ತಿತ್ತು. ಕೊನೆಗೆ ಕಬ್ಬಿಣದ ಸಲ್ಫೇಟನ್ನು ನೀರಿನಲ್ಲಿ ಕರಗಿಸಿ ಎಲೆಗೇ ಸಿಂಪಡಿಸಿ ಉಳಿಸಿಕೊಂಡರು. ನಮ್ಮ ಎರಿಯ ಶೇಂಗಾ ಹಳದಿಯಾಗುವುದೂ ಕಬ್ಬಿಣ ಸಿಗದೆ, ಇಲ್ಲಿ ಅಡ್ಡ ಬರುವುದು ಸುಣ್ಣ. ಔಷಧ ಅದೇ, ಎಲೆಗೆ ಸಿಂಪಡಣೆ.

ಇಳಿಯುವಾಗ ಕಾರಿನ ಗಾಜಿನ ಮೇಲೆ ತೆಳು ಧೂಳು ಕೂತಿತ್ತು. ಬೆರಳಿನಿಂದ ಗೆರೆ ಎಳೆದು ತಂಗಿ ಇನ್ನೊಂದು ಮಾತು ಹೇಳಿದಳು. ಇದು ನನಗೆ ಇವತ್ತಿಗೂ ತಲೆಯಲ್ಲಿ ಕೂತಿದೆ. ಕವಾಯಿಯ ಹಳೆ ಕಾಡಿಗೆ ಕಲ್ಲಿನಿಂದ ಸಿಗುವ ರಂಜಕ ಯಾವತ್ತೋ ಮುಗಿದಿದೆ. ಈಗ ಅದಕ್ಕೆ ರಂಜಕ ತಲುಪುವುದು ಧೂಳಿನಿಂದ. ಏಷ್ಯಾದ ಮರುಭೂಮಿಗಳಲ್ಲಿ ಎದ್ದ ಧೂಳು ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಹೋಗಿ ಆ ಗುಡ್ಡದ ಮೇಲೆ ಬೀಳುತ್ತದೆ. ಒಂದು ವರ್ಷಕ್ಕೆ ಚಿಟಿಕೆಯಷ್ಟು. ಅಷ್ಟರಲ್ಲೇ ಕಾಡು ನಿಂತಿದೆ.

ನಾಲ್ಕನೇ ದಿನ: ಬ್ಯಾಡಗಿ ಮುಟ್ಟಿ ಮನೆಗೆ

ಲಕ್ಷ್ಮೇಶ್ವರ, ಸವಣೂರು ಮೇಲೆ ಹಾವೇರಿ. ಸವಣೂರಿನಲ್ಲಿ ಖಾರಾ ಕಟ್ಟಿಸಿಕೊಂಡೆವು. ಬಿಸಿಲು ಜಾಸ್ತಿ, ಇಳಿದು ನೋಡಿದ್ದು ಕಡಿಮೆ. ಈ ಕಡೆ ಮಸಾರಿ, ಎರಿ ಎರಡೂ ಒಂದೇ ಊರಿನಲ್ಲಿ ಪಕ್ಕಪಕ್ಕ ಇರುತ್ತವೆ. ಹೆಣ್ಣು ಕೊಡುವಾಗ ಹೊಲ ಎಷ್ಟು ಎಕರೆ ಅಂತ ಕೇಳಿ, ಆಮೇಲೆ ಎರಿಯೋ ಮಸಾರಿಯೋ ಅಂತಲೂ ಕೇಳುತ್ತಿದ್ದರು ಅಂತ ಅವ್ವ ಹೇಳುತ್ತಿದ್ದುದು ನೆನಪಾಯಿತು.

ಬ್ಯಾಡಗಿಯ ಮಾರುಕಟ್ಟೆಗೆ ಅರ್ಧ ಕಿಲೋಮೀಟರ್ ಇರುವಾಗಲೇ ಸೀನು ಶುರು. ಒಳಗೆ ನೆಲವೆಲ್ಲ ಕೆಂಪು. ಚೀಲದ ಬಾಯಿ ಬಿಚ್ಚಿಟ್ಟು ಸಾಲು ಸಾಲು. ಡಬ್ಬಿ, ಕಡ್ಡಿ ಅಂತ ಮೆಣಸಿನಕಾಯಿಯಲ್ಲಿ ಎರಡು ಜಾತಿ. ಸುಕ್ಕು ಹೆಚ್ಚಿದ್ದಷ್ಟೂ ಕಡ್ಡಿಗೆ ಮರ್ಯಾದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಹೆಸರು ಬ್ಯಾಡಗಿಯದು, ಬೆಳೆಯುವುದು ಮಾತ್ರ ಕುಂದಗೋಳ, ಗದಗ ಎಲ್ಲ ಕಡೆಯ ಎರಿಯಲ್ಲಿ. ಕರಿ ಮಣ್ಣಿನಿಂದ ಇಷ್ಟು ಕೆಂಪು ಬರುತ್ತದಲ್ಲ ಅಂತ ತಂಗಿ ಒಂದು ಕಾಯಿ ಹಿಡಿದು ನನ್ನ ಅಂಗಿಗೆ ತಾಗಿಸಿ ನೋಡಿದಳು. ಬಣ್ಣ ಹೊಂದಲಿಲ್ಲ. ಅಂಗಿಯಲ್ಲಿ ಎರಿ ಇನ್ನೂ ಒಣಗಿ ಕೂತಿತ್ತು.

ಒಬ್ಬ ದಲಾಲರು, "ಅವ್ವಾರ, ಎಲ್ಲಿಂದ ಬಂದೀರಿ?" ಅಂದರು. ಹವಾಯಿ ಅಂದಳು.

"ಹಾವೇರಿ? ಇಲ್ಲೇ ಬಾಜೂಕ!"

ಅವಳು ತಿದ್ದಲಿಲ್ಲ. ಎರಡು ಕಿಲೋ ಕಡ್ಡಿ ತೂಗಿಸಿಕೊಂಡಳು.

ಸಂಜೆ ಶಿಗ್ಗಾಂವಿ ದಾಟಿ ಹೆದ್ದಾರಿಯಲ್ಲಿ ಬರುವಾಗ ಒಂದು ಹಂಪ್ ಹಾರಿತು. ಎತ್ತಿನ ಒಂದು ಕೋಡು ಉದುರಿತು. ಬಿರುಕು ಕುತ್ತಿಗೆಯಿಂದ ಡುಬ್ಬದವರೆಗೆ ಬಂದಿತ್ತು. ತಂಗಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಧಾರವಾಡದವರೆಗೆ ಬಂದಳು. ಒಯ್ಯುವಂತಿಲ್ಲವಲ್ಲ. ನಮ್ಮ ತುಳಸಿಕಟ್ಟೆಯ ಮೇಲೆ ಇಟ್ಟಳು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಧಡ್ ಧಡ್ ಸದ್ದು ಕೇಳಿ ಎದ್ದೆ. ಅವ್ವ ಆ ಟೀ ಶರ್ಟನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಬಡಿಯುತ್ತಿದ್ದಳು. ಬಕೆಟ್ಟಿನಲ್ಲಿ ನೀರು ಕರ್ರಗೆ.

"ಎರಿ ಒಂದ ಸಲಕ್ಕ ಬಿಡ್ತು ನೋಡು. ಈ ಮಸಾರಿ ಕಲಿ ಒಂದು ಹೋಗವಲ್ದು. ಮೂರ ಸಲ ಸಾಬಾಣ ಹಚ್ಚಿದೆ. ಎಲ್ಲೆ ಬಿದ್ದು ಬಂದೀಯೋ, ಮೈ ತುಂಬ ಹಚಗೊಂಡೀದಿ!"

ಅದು ಕಲೆಯಲ್ಲ, ಬಣ್ಣವೇ ಅದು ಅಂತ ಹೇಳಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ತಂಗಿ ಸನ್ನೆ ಮಾಡಿ ಬೇಡ ಅಂದಳು.

ಅವ್ವ ಸೆರಗು ಸಿಕ್ಕಿಸಿಕೊಂಡು ಕೇಳಿದಳು: "ಕಾರಿನ್ಯಾಗ ನಿಂಬಿಹಣ್ಣ ಇದ್ದೂವಲ್ಲ, ಎಷ್ಟ ಉಳದಾವ?"